ಎಣ್ಣೆ ಇಲ್ಲದೆ ಓಡುವ ಸ್ಟೇನ್‌ಲೆಸ್ ಬಾಲ್ ಸ್ಕ್ರೂ: ಪದೇ ಪದೇ ಕೇಳುವ ಪ್ರಶ್ನೆಗಳು

"ಸ್ಟೇನ್‌ಲೆಸ್ಸೇ ಹಾಕಿದೀವಿ ಸಾರ್, ಆದ್ರೂ ತುಕ್ಕು ಉದುರ್ತಿದೆ." ಮೆಷಿನ್ ರಿಪೇರಿ ಕೆಲಸಕ್ಕೆ ಇಳಿದ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಉದುರುತ್ತಿರುವುದು ತುಕ್ಕಲ್ಲ, ಸ್ಕ್ರೂವೇ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಮೆಷಿನ್ ಶಾಪ್‌ನವರು, ಪ್ಯಾಕಿಂಗ್ ಲೈನಿನವರು, ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗರು ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ.

ಬಾಲ್ ಸ್ಕ್ರೂ ಅಂದ್ರೆ ಏನು, ಚಿಕ್ಕದಾಗಿ ಹೇಳಿ.

ಒಂದು ಉದ್ದ ಶಾಫ್ಟ್, ಅದರ ಮೈಮೇಲೆ ಸುರುಳಿ ಗ್ರೂವ್. ಅದಕ್ಕೊಂದು ನಟ್, ನಟ್ಟಿನ ಒಳಗೂ ಅಂಥದ್ದೇ ಗ್ರೂವ್. ಎರಡರ ನಡುವೆ ಸ್ಟೀಲ್ ಗುಂಡುಗಳು. ಶಾಫ್ಟ್ ತಿರುಗಿದರೆ ಗುಂಡು ಉರುಳುತ್ತವೆ, ನಟ್ ಮುಂದಕ್ಕೆ ಹೋಗುತ್ತದೆ. ಕೊನೆ ಮುಟ್ಟಿದ ಗುಂಡು ಒಂದು ದಾರಿ ಹಿಡಿದು ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಲಾರಿಯ ಸ್ಟೇರಿಂಗ್ ಬಾಕ್ಸ್ ಬಿಚ್ಚಿದವರಿಗೆ ಇದು ಹೊಸದಲ್ಲ. ಹಾಕಿದ ಶಕ್ತಿಯಲ್ಲಿ ಶೇ. 90ರಷ್ಟು ಕೆಲಸಕ್ಕೆ ಸಿಗುತ್ತದೆ. ಗುಂಡಿಲ್ಲದ ಮಾಮೂಲಿ ಲೀಡ್ ಸ್ಕ್ರೂನಲ್ಲಿ ಅರ್ಧ ಸಿಕ್ಕರೆ ಪುಣ್ಯ.

ಸ್ಟೇನ್‌ಲೆಸ್ ಅಲ್ವಾ, ತುಕ್ಕು ಹಿಡಿಯಲ್ಲ. ಮತ್ತೆ ಗ್ರೀಸ್ ಯಾಕೆ?

ತುಕ್ಕು ತಡೆಯುವುದು ಗ್ರೀಸಿನ ಚಿಲ್ಲರೆ ಕೆಲಸ. ದೊಡ್ಡ ಕೆಲಸ ಬೇರೆ ಇದೆ: ಗುಂಡು ಮತ್ತು ಗ್ರೂವ್ ನಡುವೆ ಒಂದು ತೆಳು ಪದರ ಹಾಕಿ, ಲೋಹಕ್ಕೆ ಲೋಹ ತಾಗದ ಹಾಗೆ ನೋಡಿಕೊಳ್ಳುವುದು. ಆ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಆದರೂ ಇಡೀ ಸ್ಕ್ರೂ ಬದುಕಿರುವುದು ಅದರಿಂದಲೇ.

ಸ್ಟೇನ್‌ಲೆಸ್‌ಗೆ ಇದು ಇನ್ನೂ ಮುಖ್ಯ. ಮನೆಯಲ್ಲಿ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿ ಬಿಗಿ ಮಾಡಿದ್ದೀರಾ? ಅರ್ಧ ದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಬೋಲ್ಟ್ ಕತ್ತರಿಸಿಯೇ ತೆಗೆಯಬೇಕು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಸಿಪ್ಪೆ ಇರುತ್ತದೆ. ತುಕ್ಕು ಹಿಡಿಯದಿರುವುದು ಆ ಸಿಪ್ಪೆಯಿಂದ. ಒತ್ತಡದಲ್ಲಿ ಉಜ್ಜಿದಾಗ ಸಿಪ್ಪೆ ಹರಿಯುತ್ತದೆ, ಒಳಗಿನ ಬರೀ ಲೋಹ ಎದುರಿನ ಬರೀ ಲೋಹಕ್ಕೆ ಅಂಟುತ್ತದೆ. ಬೆಸುಗೆ ಹಾಕಿದ ಹಾಗೆ. ಮುಂದಿನ ಕ್ಷಣ ಆ ಅಂಟು ಕಿತ್ತು, ಒಂದು ಚೂರು ಲೋಹವೂ ಅದರ ಜೊತೆ ಎದ್ದು ಬರುತ್ತದೆ. ಒಣಗಿದ ಬಾಲ್ ಸ್ಕ್ರೂನಲ್ಲಿ ಇದೇ ಕಥೆ ಪ್ರತಿ ಸುತ್ತಿಗೂ ನಡೆಯುತ್ತದೆ.

ಆದ್ರೆ ಗುಂಡು ಉರುಳುತ್ತೆ ತಾನೆ? ಉಜ್ಜೋದೇ ಇಲ್ಲವಲ್ಲ?

ಪೂರ್ತಿ ಉರುಳುವುದಿಲ್ಲ. ಎರಡು ಗೋಲಿ ತಗೊಳ್ಳಿ. ಒಂದಕ್ಕೊಂದು ತಾಗುವ ಹಾಗೆ ಎರಡೂ ಅಂಗೈ ನಡುವೆ ಇಟ್ಟು ಸಾಲಾಗಿ ಉರುಳಿಸಿ. ಕರಕರ ಅನ್ನುತ್ತದೆ. ಎರಡೂ ಒಂದೇ ಕಡೆ ತಿರುಗುತ್ತಿವೆ. ಆದರೆ ತಾಗುವ ಜಾಗದಲ್ಲಿ ಒಂದರ ಮೈ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಹೋಗುತ್ತಿದೆ. ನಟ್ಟಿನೊಳಗೆ ಗುಂಡುಗಳು ಹೀಗೇ ಒತ್ತೊತ್ತಾಗಿ ಸಾಲು ನಿಂತಿರುತ್ತವೆ. ಅಲ್ಲಿ ಉರುಳಾಟ ಇಲ್ಲ, ಪೂರ್ತಿ ಉಜ್ಜಾಟ. ಇದಕ್ಕೇ ಕೆಲವು ತಯಾರಕರು ಒಂದು ಬಿಟ್ಟು ಒಂದರಂತೆ, ಉಳಿದವಕ್ಕಿಂತ ಕೂದಲೆಳೆಯಷ್ಟು ಮಾತ್ರ ಚಿಕ್ಕದಾದ ಗುಂಡು ಹಾಕುತ್ತಾರೆ. ಚಿಕ್ಕದು ಲೋಡ್ ಹೊರುವುದಿಲ್ಲ. ಉಲ್ಟಾ ತಿರುಗಿಕೊಂಡು ಪಕ್ಕದ ಎರಡರ ಜಗಳ ಬಿಡಿಸುತ್ತದೆ. ಇನ್ನು ಕೆಲವರು ನಡುವೆ ಪ್ಲಾಸ್ಟಿಕ್ ಸ್ಪೇಸರ್ ಇಡುತ್ತಾರೆ.

ಗ್ರೂವಿನಲ್ಲೂ ಅಷ್ಟೆ. ಗ್ರೂವ್ ಬಾಗಿರುವುದರಿಂದ ಗುಂಡು ತಾಗುವ ಸಣ್ಣ ಜಾಗದ ಒಂದು ಬದಿ ವೇಗವಾಗಿ, ಇನ್ನೊಂದು ಬದಿ ನಿಧಾನವಾಗಿ ಸಾಗುತ್ತದೆ. ಜೊತೆಗೆ ಸುರುಳಿಯ ಓರೆಗೆ ಗುಂಡು ನಿಂತಲ್ಲೇ ಬುಗುರಿಯ ಹಾಗೆ ಒಂಚೂರು ತಿರುಗುತ್ತದೆ. ತಾಗುವ ಆ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅಲ್ಲಿ ಒತ್ತಡ ಸಾವಿರ ಮೆಗಾಪಾಸ್ಕಲ್ ದಾಟುವುದು ಮಾಮೂಲು. ಅಂದರೆ ಚದರ ಸೆಂಟಿಮೀಟರಿಗೆ ಹತ್ತು ಟನ್ ಲೆಕ್ಕ. ಅಷ್ಟು ಒತ್ತಡದಲ್ಲಿ ಚೂರೇ ಚೂರು ಜಾರಿದರೂ ಸಾಕು.

ಮ್ಯಾಗ್ನೆಟ್ ಹಿಡಿದು ನೋಡಿದೆ, ಅಂಟಿಕೊಳ್ತು. ಡೂಪ್ಲಿಕೇಟ್ ಸ್ಟೇನ್‌ಲೆಸ್ ಕೊಟ್ಟಿದ್ದಾರಾ?

ಇಲ್ಲ. ಪಾತ್ರೆ ಅಂಗಡಿಯ ಟೆಸ್ಟ್ ಇಲ್ಲಿ ನಡೆಯಲ್ಲ. ಪಾತ್ರೆಯ 304 ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ನಿಜ. ಬಾಲ್ ಸ್ಕ್ರೂಗೆ ಹಾಕುವ 440ಸಿ ಬೇರೆ ಜಾತಿ. ಅದರಲ್ಲಿ ಕ್ರೋಮಿಯಂ ಶೇ. 16ರಿಂದ 18, ಇಂಗಾಲ ಸುಮಾರು ಶೇ. 1. ಕಾಯಿಸಿ ತಣಿಸಿದರೆ ಚೆನ್ನಾಗಿ ಗಟ್ಟಿಯಾಗುತ್ತದೆ, ಮ್ಯಾಗ್ನೆಟ್ಟಿಗೂ ಅಂಟುತ್ತದೆ. ಅಂಟದಿದ್ದರೇ ನೀವು ಅನುಮಾನ ಪಡಬೇಕು. ಅಂದ ಹಾಗೆ, ಪಾತ್ರೆ ಅಂಗಡಿಯಲ್ಲೂ ಈ ಟೆಸ್ಟ್ ನೆಚ್ಚಬೇಡಿ. ನಿಕ್ಕಲ್ ಕಮ್ಮಿ, ಮ್ಯಾಂಗನೀಸ್ ಜಾಸ್ತಿ ಇರುವ ಅಗ್ಗದ 200 ಸರಣಿಗೂ ಮ್ಯಾಗ್ನೆಟ್ ಅಂಟಲ್ಲ.

ಹಾಗಾದ್ರೆ 304 ಅಥವಾ 316ರಲ್ಲೇ ಮಾಡಿಸಿದರೆ? ತುಕ್ಕಿನ ಭಯವೇ ಇರಲ್ಲ.

ತುಕ್ಕಿನ ಭಯ ಇರಲ್ಲ, ಸ್ಕ್ರೂ ಕೂಡ ಇರಲ್ಲ. ಅವನ್ನು ಕಾಯಿಸಿ ಗಟ್ಟಿ ಮಾಡಲು ಬರುವುದಿಲ್ಲ. ಗುಂಡು ಗ್ರೂವಿನಲ್ಲಿ ಹಳ್ಳ ಒತ್ತಿಬಿಡುತ್ತದೆ. 440ಸಿ ಸುಮಾರು 58 ರಾಕ್‌ವೆಲ್ ಸಿ ಗಟ್ಟಿತನಕ್ಕೆ ಬರುತ್ತದೆ. ನಡುವೆ 17-4 ಪಿಎಚ್ ಅಂತ ಒಂದಿದೆ, ತುಕ್ಕಿಗೆ 440ಸಿಗಿಂತ ಮೇಲು, ಆದರೆ ಗಟ್ಟಿತನ 40ರ ಆಸುಪಾಸು. ಹಗುರ ಲೋಡಿಗೆ ಮಾತ್ರ.

ಇನ್ನೊಂದು ವಿಷಯ. 440ಸಿ ಗಟ್ಟಿಯಾಗಲು ಬೇಕಾದ ಇಂಗಾಲ ಅದರ ಕ್ರೋಮಿಯಂನಲ್ಲಿ ಒಂದು ಪಾಲು ಕಟ್ಟಿಹಾಕಿಕೊಂಡಿರುತ್ತದೆ. ಹಾಗಾಗಿ ಅದು ಅರ್ಧ ಸ್ಟೇನ್‌ಲೆಸ್ ಅಂದ್ಕೊಳ್ಳಿ. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಗ್ರೀಸ್ ಇಲ್ಲದೆ ಬಿಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಆ ಚುಕ್ಕೆಗಳ ಮೇಲೆ ಗುಂಡು ಓಡಿದರೆ ಸವೆತ ಇನ್ನೂ ಬೇಗ.

ನಟ್ ಹತ್ತಿರ ಕೆಂಪು ಪುಡಿ ಬರ್ತಿದೆ. ಏನದು?

ಇದೇ ಜಾಸ್ತಿ ಬರುವ ಪ್ರಶ್ನೆ. ಒಂದು ಘಟನೆ ಹೇಳುತ್ತೇನೆ.

ಒಂದು ಕಡೆ ಮಾತ್ರೆ ಪ್ಯಾಕ್ ಮಾಡುವ ಮೆಷಿನ್. ಅದರಲ್ಲಿ ಕಿರುಬೆರಳಿನ ದಪ್ಪದ ಸ್ಟೇನ್‌ಲೆಸ್ ಬಾಲ್ ಸ್ಕ್ರೂ. ಶಬ್ದ ಬರ್ತಿದೆ ಅಂತ ಕರೆದರು. ಹೋಗಿ ಬಿಳಿ ಬಟ್ಟೆಯಲ್ಲಿ ಶಾಫ್ಟ್ ಒರೆಸಿದೆ. ಬಟ್ಟೆಯ ಮೇಲೆ ಗ್ರೀಸಿನ ಕಲೆಯೇ ಇಲ್ಲ. ಇಟ್ಟಿಗೆ ಪುಡಿಯಂಥ ಒಣ ಗೀರು. ಬೆರಳಲ್ಲಿ ಉಜ್ಜಿದರೆ ಪೌಡರಿನಷ್ಟು ನುಣುಪು. ನಟ್ ಬಿಚ್ಚಿದರೆ ಗುಂಡುಗಳು ಕನ್ನಡಿಯ ಹಾಗೆ ಹೊಳೆಯುವ ಬದಲು ಹಳೇ ಎಂಟಾಣೆಯ ಹಾಗೆ ಮಂಕಾಗಿದ್ದವು. ಆಪರೇಟರನ್ನು ಕೇಳಿದೆ, "ಗ್ರೀಸ್ ಯಾವಾಗ ಹಾಕಿದ್ದು?" "ಗ್ರೀಸಾ? ಪ್ರತಿ ಶಿಫ್ಟ್ ಮುಗಿದ ಮೇಲೆ ಸ್ಪಿರಿಟ್ ಹಾಕಿ ಒರೆಸ್ತೀವಿ ಸಾರ್. ಕ್ಲೀನ್ ಇರಬೇಕು ಅಂತ ಆರ್ಡರ್ ಇದೆ." ಪಾಪ, ಅವನದೇನೂ ತಪ್ಪಿಲ್ಲ. ಹೇಳಿದ ಕೆಲಸ ಚೆನ್ನಾಗಿಯೇ ಮಾಡಿದ್ದ.

ಆ ಪುಡಿ ಎಂದರೆ ಕಿತ್ತು ಬಂದ ಲೋಹದ ಕಣಗಳು. ತೀರಾ ಸಣ್ಣವಾದ್ದರಿಂದ ಗಾಳಿ ತಾಗಿದ ಕೂಡಲೇ ಕೆಂಪು ಆಕ್ಸೈಡ್ ಆಗಿಬಿಡುತ್ತವೆ. ಲೋಹಕ್ಕಿಂತ ಆ ಆಕ್ಸೈಡೇ ಗಟ್ಟಿ. ನಟ್ಟಿನೊಳಗೆ ಉಳಿದರೆ ಎಮರಿ ಪೇಪರಿನ ಕೆಲಸ ಮಾಡುತ್ತದೆ. ಅಂದರೆ ಸವೆತವೇ ಮುಂದಿನ ಸವೆತಕ್ಕೆ ದಾರಿ ಮಾಡಿಕೊಡುತ್ತದೆ. ಶುರುವಿನಲ್ಲಿ ನಿಧಾನ, ಆಮೇಲೆ ಓಟ.

ಹೊಸ ಸ್ಕ್ರೂ ಬಿಚ್ಚಿದಾಗ ಎಣ್ಣೆ ಅಂಟಿತ್ತು. ಅದು ಸಾಕಲ್ಲ?

ಸಾಲದು. ಅದು ಸಾಗಿಸುವಾಗ, ಗೋಡೌನಿನಲ್ಲಿ ಇಟ್ಟಾಗ ತುಕ್ಕು ಹಿಡಿಯದಿರಲಿ ಅಂತ ಹಚ್ಚುವ ಎಣ್ಣೆ. ಗ್ರೀಸ್ ತುಂಬಿಯೇ ಕಳಿಸಿದ್ದೇವೆ ಎಂದು ತಯಾರಕರು ಬರೆದಿದ್ದರೆ ಮಾತ್ರ ಬಿಡಿ. ಇಲ್ಲದಿದ್ದರೆ ಒರೆಸಿ ತೆಗೆದು ಗ್ರೀಸ್ ಹಾಕಿ.

ಒಣಗಿದ ಸ್ಕ್ರೂ ಎಷ್ಟು ದಿನ ಬಾಳುತ್ತೆ? ಲೆಕ್ಕ ಇದೆಯಾ?

ಗ್ರೀಸ್ ಹಾಕಿದ್ದಕ್ಕೆ ಲೆಕ್ಕ ಇದೆ, ಒಣಗಿದ್ದಕ್ಕೆ ಇಲ್ಲ. ಮೊದಲು ಇರುವ ಲೆಕ್ಕ ನೋಡಿ.

ನಿಮ್ಮ ಸ್ಕ್ರೂನ ಲೀಡ್ 2 ಮಿ.ಮೀ. ಅಂತ ಇಟ್ಟುಕೊಳ್ಳಿ. ಅಂದರೆ ಒಂದು ಸುತ್ತಿಗೆ ನಟ್ 2 ಮಿ.ಮೀ. ಸಾಗುತ್ತದೆ. ಸ್ಟ್ರೋಕ್, ಅಂದರೆ ನಟ್ ಒಂದು ಕಡೆಗೆ ಹೋಗುವ ದೂರ, 100 ಮಿ.ಮೀ. ಹೋಗಲು 50 ಸುತ್ತು, ಬರಲು 50. ನಿಮಿಷಕ್ಕೆ 10 ಸಲ ಹೋಗಿ ಬಂದರೆ 1,000 ಸುತ್ತು. ಎಂಟು ಗಂಟೆಯ ಶಿಫ್ಟಿಗೆ 4,80,000. ಹತ್ತು ಲಕ್ಷ ಸುತ್ತು ಹೆಚ್ಚುಕಮ್ಮಿ ಎರಡೇ ದಿನದಲ್ಲಿ ಮುಗಿಯುತ್ತದೆ! ಈಗ ಕ್ಯಾಟಲಾಗಿನಲ್ಲಿ ಇರುವ ಡೈನಮಿಕ್ ಲೋಡ್ ರೇಟಿಂಗನ್ನು ನಿಮ್ಮ ಲೋಡಿನಿಂದ ಭಾಗಿಸಿ, ಬಂದ ಸಂಖ್ಯೆಯನ್ನೇ ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ. ಅಷ್ಟು ಹತ್ತು ಲಕ್ಷ ಸುತ್ತು ಬಾಳಿಕೆ. ಲೋಡ್ ರೇಟಿಂಗಿನ ಹತ್ತನೇ ಒಂದು ಭಾಗ ಇದ್ದರೆ 10×10×10, ಅಂದರೆ 100 ಕೋಟಿ ಸುತ್ತು. ನಮ್ಮ ಮೆಷಿನ್ನಿಗೆ 2,000 ಶಿಫ್ಟಿಗೂ ಜಾಸ್ತಿ. ನೂರು ಸ್ಕ್ರೂನಲ್ಲಿ 90 ಅಷ್ಟು ತಲುಪುತ್ತವೆ ಎಂದು ಅರ್ಥ.

ಆದರೆ ಈ ಸೂತ್ರ ಲೋಹದ ದಣಿವಿನ ಲೆಕ್ಕ. ಎಣ್ಣೆಯ ಪದರ ಇದೆ, ಉಜ್ಜಾಟ ಇಲ್ಲ, ಕೋಟಿಗಟ್ಟಲೆ ಸಲ ಒತ್ತಿ ಒತ್ತಿ ಕೊನೆಗೊಂದು ದಿನ ಗ್ರೂವಿನ ಚಕ್ಕೆ ಏಳುತ್ತದೆ ಎಂದು ಅದು ನಂಬಿದೆ. ಒಣಗಿದ ಸ್ಕ್ರೂ ದಣಿಯುವವರೆಗೆ ಬದುಕುವುದೇ ಇಲ್ಲ, ಅದಕ್ಕೆ ಮೊದಲೇ ಸವೆದು ಹೋಗುತ್ತದೆ. ಕ್ಯಾಟಲಾಗ್ ಬಾಳಿಕೆಯನ್ನು ಇಷ್ಟರಿಂದ ಭಾಗಿಸಿ ಎಂದು ಯಾರಾದರೂ ಒಂದು ಸಂಖ್ಯೆ ಕೊಟ್ಟರೆ ನಂಬಬೇಡಿ. ನಿಮ್ಮ ಲೋಡ್, ನಿಮ್ಮ ವೇಗ, ನಿಮ್ಮ ಗಾಳಿಯಲ್ಲಿ ಒಂದನ್ನು ಓಡಿಸಿ ನೋಡುವುದೇ ದಾರಿ.

ಸವೆದಿದೆ ಅಂತ ಹೇಗೆ ಗೊತ್ತಾಗುತ್ತೆ?

ಪುಡಿ, ಶಬ್ದ, ಮೋಟಾರಿನ ಕರೆಂಟು, ಪ್ಲೇ (ನಟ್ ಸಡಿಲವಾಗಿ ಅಲುಗಾಡುವುದು). ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಕಾಣುತ್ತವೆ.

ಕರೆಂಟಿನ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಇಳಿದಾಗ "ಸರಿ ಹೋಯ್ತು" ಅನ್ನುತ್ತಾರೆ. ಸರಿ ಹೋಗಿರುವುದಿಲ್ಲ, ಪ್ರೀಲೋಡ್ ಹೋಗಿರುತ್ತದೆ. ಪ್ಲೇ ಇರಬಾರದು ಅಂತ ನಟ್ಟಿಗೆ ಕೆಲವೇ ಮೈಕ್ರಾನ್ ದಪ್ಪ ಜಾಸ್ತಿ ಇರುವ ಗುಂಡು ತುರುಕಿರುತ್ತಾರೆ. ಆ ಕೆಲವು ಮೈಕ್ರಾನ್ ಸವೆದರೆ ಬಿಗಿ ಹೋಯಿತು. ಸಿ5 ದರ್ಜೆಯ ಸ್ಕ್ರೂ 300 ಮಿ.ಮೀ. ಉದ್ದಕ್ಕೆ 18 ಮೈಕ್ರಾನ್ ಒಳಗೆ ತಪ್ಪಿಲ್ಲದೆ ಇರಬೇಕು. ಅದಕ್ಕೇ ದುಡ್ಡು ಕೊಟ್ಟವರಿಗೆ ಕೆಲವು ಮೈಕ್ರಾನ್ ಸಣ್ಣ ಮಾತಲ್ಲ.

ಪ್ಲೇ ಅಳೆಯಲು, ನಟ್ ಓಡಿಸುವ ಟೇಬಲ್ ಮೇಲೆ ಡಯಲ್ (ಮೈಕ್ರಾನ್ ಲೆಕ್ಕದ ಅಲುಗಾಟ ತೋರಿಸುವ ಮುಳ್ಳಿನ ಗೇಜ್) ಇಟ್ಟು ಕೈಯಲ್ಲಿ ಹಿಂದೆ ಮುಂದೆ ತಳ್ಳಿ. ಆದರೆ ಅಲುಗಾಡುತ್ತಿರುವುದು ನಟ್ಟೋ, ಸ್ಕ್ರೂ ಹಿಡಿದಿರುವ ಬೇರಿಂಗೋ? ಶಾಫ್ಟಿನ ತುದಿಯ ಸೆಂಟರ್ ಹೋಲಿಗೆ ಚೂರು ಗ್ರೀಸ್ ಮೆತ್ತಿ ಒಂದು ಸ್ಟೀಲ್ ಗುಂಡು ಕೂರಿಸಿ. ಅದರ ಮೇಲೆ ಚಪ್ಪಟೆ ಮೂತಿಯ ಡಯಲ್ ಇಡಿ. ಈಗ ಟೇಬಲ್ ತಳ್ಳಿ. ಈ ಡಯಲ್ ಅಲ್ಲಾಡಿದರೆ ಬೇರಿಂಗಿನದ್ದೂ ಪಾಲಿದೆ. ಇದನ್ನು ನೋಡದೆ ಒಳ್ಳೇ ಸ್ಕ್ರೂ ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಮಧ್ಯದಲ್ಲೂ ಎರಡು ತುದಿಯಲ್ಲೂ ಅಳೆಯಿರಿ. ಜಾಸ್ತಿ ಓಡುವ ಮಧ್ಯವೇ ಮೊದಲು ಸವೆಯುವುದು.

ನಿಜವಾಗಿ ಗ್ರೀಸ್ ಹಾಕಲೇಬಾರದ ಜಾಗ ಯಾವುದು?

ಜನ ಅಂದುಕೊಂಡದ್ದಕ್ಕಿಂತ ಕಮ್ಮಿ. ಆಹಾರ, ಔಷಧ ಅಂದರೆ ಎಚ್1 ದರ್ಜೆಯ ಗ್ರೀಸ್ ಇದೆ. ಆಕಸ್ಮಿಕವಾಗಿ ಒಂಚೂರು ತಾಗಿದರೂ ಅಪಾಯ ಇಲ್ಲ ಅಂತಲೇ ಅದನ್ನು ಮಾಡಿರುವುದು. ಮೇಲೆ ಹೇಳಿದ ಮೆಷಿನ್ನಿಗೆ ಅದನ್ನೇ ಹಾಕಿದ್ದು. ಕ್ಲೀನ್ ರೂಮಿಗೆ ಕಣ ಕಮ್ಮಿ ಉದುರಿಸುವ ಗ್ರೀಸ್ ಸಿಗುತ್ತದೆ. ಧೂಳು ಅಂಟುತ್ತೆ ಅಂತ ಗ್ರೀಸ್ ಬಿಟ್ಟಿದ್ದರೆ ನಟ್ಟಿನ ತುದಿಗೆ ವೈಪರ್ ಸೀಲ್ ಹಾಕಿ, ಸ್ಕ್ರೂ ಮುಚ್ಚುವ ಮಡಿಕೆ ಕವಚ (ಬೆಲ್ಲೋಸ್) ಹಾಕಿ, ಗ್ರೀಸ್ ಬಿಡಬೇಡಿ.

ವ್ಯಾಕ್ಯೂಮ್ ಮಾತ್ರ ನಿಜಕ್ಕೂ ಕಷ್ಟ. ಮಾಮೂಲಿ ಗ್ರೀಸಿನ ಎಣ್ಣೆ ಅಲ್ಲಿ ಆವಿಯಾಗಿ ಎದುರಿನ ಲೆನ್ಸಿನ ಮೇಲೋ ಸ್ಯಾಂಪಲ್ ಮೇಲೋ ಹೋಗಿ ಕೂರುತ್ತದೆ. ಆವಿಯಾಗದ ಫ್ಲೋರಿನ್ ಎಣ್ಣೆಗಳಿವೆ, ಬೆಲೆ ಕೇಳಬೇಡಿ. ಇನ್ನೊಂದು ತೊಂದರೆ: ಹರಿದ ಆಕ್ಸೈಡ್ ಸಿಪ್ಪೆ ಗಾಳಿಯಲ್ಲಾದರೆ ತಕ್ಷಣ ಮತ್ತೆ ಬೆಳೆಯುತ್ತದೆ. ವ್ಯಾಕ್ಯೂಮಿನಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಬರೀ ಲೋಹ ಬರೀ ಲೋಹವಾಗಿಯೇ ಉಳಿಯುತ್ತದೆ, ಅಂಟುವುದು ಇನ್ನೂ ಸುಲಭ. ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವವರಿಗೆ ಇದು ದಿನನಿತ್ಯದ ತಲೆನೋವು. ಗ್ರೀಸ್ ಕಲ್ಲಾಗುವ ಚಳಿ, ಉರಿದು ಹೋಗುವ ಬಿಸಿ ಇರುವ ಕಡೆಯೂ ಒಣಗಿಯೇ ಓಡಿಸಬೇಕಾಗುತ್ತದೆ.

ಗ್ರಾಫೈಟ್ ಪುಡಿ ಹಾಕಿದ್ರೆ ಆಗಲ್ವಾ? ಬೀಗಕ್ಕೆ ಹಾಕ್ತೀವಲ್ಲ.

ಬೀಗಕ್ಕೆ ಹಾಕಿ, ವ್ಯಾಕ್ಯೂಮಿಗೆ ಬೇಡ. ಗ್ರಾಫೈಟ್ ಜಾರಬೇಕಾದರೆ ಗಾಳಿಯ ತೇವ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ತುಂಬಾ ಎತ್ತರಕ್ಕೆ ಹೋಗತೊಡಗಿದಾಗ ಜನರೇಟರಿನ ಕಾರ್ಬನ್ ಬ್ರಷ್‌ಗಳು ಇದ್ದಕ್ಕಿದ್ದಂತೆ ಪುಡಿಪುಡಿಯಾಗಿ ಸವೆಯುತ್ತಿದ್ದವು. ಮೇಲಿನ ಗಾಳಿಯಲ್ಲಿ ತೇವ ಇಲ್ಲದಿದ್ದದ್ದೇ ಕಾರಣ.

ಮಾಲಿಬ್ಡಿನಂ ಡೈಸಲ್ಫೈಡ್ ಇದಕ್ಕೆ ಸರಿಯಾಗಿ ಉಲ್ಟಾ. ವ್ಯಾಕ್ಯೂಮಿನಲ್ಲಿ ಬೆಣ್ಣೆ, ತೇವದ ಗಾಳಿಯಲ್ಲಿ ಬೇಗ ಕೆಡುತ್ತದೆ. ಅಂದರೆ ಆಗುಂಬೆಯ ಮಳೆಗಾಲಕ್ಕೂ ಆಕಾಶಕ್ಕೂ ಒಂದೇ ಪುಡಿ ನಡೆಯಲ್ಲ. ಇದನ್ನು ಡಬ್ಬಿಯಿಂದ ಉದುರಿಸುವುದೂ ಅಲ್ಲ. ಉಪಗ್ರಹದ ಭಾಗಗಳಿಗೆ ವ್ಯಾಕ್ಯೂಮ್ ಚೇಂಬರಿನಲ್ಲಿ ಇಟ್ಟು ಒಂದು ಮೈಕ್ರಾನ್ ಆಸುಪಾಸು ದಪ್ಪಕ್ಕೆ ಲೇಪನ ಕೂರಿಸುತ್ತಾರೆ. ಗ್ರೀಸಿನ ಹಾಗೆ ಅದು ಹರಿದು ಬಂದು ಗಾಯ ಮುಚ್ಚುವುದಿಲ್ಲ. ಸವೆದರೆ ಮುಗಿಯಿತು. ಒಣ ಲೇಪನಕ್ಕೆ ಒಂದು ಆಯುಸ್ಸಿದೆ ಎಂದುಕೊಂಡೇ ಡಿಸೈನ್ ಮಾಡಬೇಕು.

ಭೂಮಿ ಮೇಲೆ ಟೆಸ್ಟ್ ಮಾಡೋವಾಗಲೇ ಆ ಆಯುಸ್ಸು ಖರ್ಚಾಗಲ್ವಾ?

ಆಗುತ್ತದೆ. ಟೆಸ್ಟೇ ಬೇಡ, ಸಾಗಿಸುವಾಗಲೇ ಆಗಬಹುದು. ನಾಸಾದ ಗೆಲಿಲಿಯೋ ನೌಕೆ 1989ರ ಅಕ್ಟೋಬರಿನಲ್ಲಿ ಗುರುಗ್ರಹಕ್ಕೆ ಹೊರಟಿತು. ಅದರ ದೊಡ್ಡ ಆಂಟೆನಾ ಕೊಡೆಯ ಹಾಗೆ ಮಡಚಿತ್ತು, 18 ಕಡ್ಡಿ. 1991ರ ಏಪ್ರಿಲಿನಲ್ಲಿ ಬಿಚ್ಚಲು ಹೇಳಿದರೆ ಪೂರ್ತಿ ಬಿಚ್ಚಲಿಲ್ಲ. ಕಡ್ಡಿಗಳನ್ನು ತಳ್ಳುವ ಕಡೆ ಒಂದು ಬಾಲ್ ಸ್ಕ್ರೂ ಇತ್ತು, ಆದರೆ ಕಚ್ಚಿಕೊಂಡದ್ದು ಕಡ್ಡಿಗಳನ್ನು ಹಿಡಿದಿದ್ದ ಪಿನ್ನುಗಳು ಎಂದು ತನಿಖೆಯಲ್ಲಿ ತೀರ್ಮಾನಿಸಿದರು. ಚಾಲೆಂಜರ್ ಬಾಹ್ಯಾಕಾಶ ಶಟಲ್ ದುರಂತದಿಂದ ಉಡಾವಣೆ ವರ್ಷಗಟ್ಟಲೆ ಮುಂದೆ ಹೋಗಿ, ನೌಕೆ ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾ ನಡುವೆ ಟ್ರಕ್ಕಿನಲ್ಲಿ ಓಡಾಡಿತ್ತು. ಆ ಅಲುಗಾಟಕ್ಕೆ ಪಿನ್ನಿನ ಒಣ ಲೇಪನ ಸವೆದಿತ್ತು. ಕೊನೆಗೆ ಚಿಕ್ಕ ಆಂಟೆನಾದಲ್ಲೇ ಗುರುಗ್ರಹದ ಚಿತ್ರಗಳನ್ನು ನಿಧಾನವಾಗಿ ಇಳಿಸಿಕೊಂಡರು.

ನಮ್ಮ ಮೆಷಿನ್ನಿಗೂ ಇದು ಅನ್ವಯಿಸುತ್ತದೆ. ಸ್ಕ್ರೂ ತಿರುಗದೆ ನಿಂತಲ್ಲೇ ನಡುಗುತ್ತಿದ್ದರೆ, ಅಥವಾ ನಟ್ಟಿನ ಉದ್ದಕ್ಕಿಂತ ಚಿಕ್ಕ ಸ್ಟ್ರೋಕಿನಲ್ಲೇ ಆಡುತ್ತಿದ್ದರೆ, ಗ್ರೀಸ್ ಪಕ್ಕಕ್ಕೆ ಸರಿದು ಆ ಜಾಗ ಒಣಗುತ್ತದೆ. ಆಗಾಗ ಒಂದು ಪೂರ್ತಿ ಸ್ಟ್ರೋಕ್ ಓಡಿಸುವ ಲೈನ್ ಪ್ರೋಗ್ರಾಮಿಗೆ ಸೇರಿಸಿ.

ಸೆರಾಮಿಕ್ ಗುಂಡು ಹಾಕಿದರೆ?

ಒಳ್ಳೇ ಉಪಾಯ. ಸಿಲಿಕಾನ್ ನೈಟ್ರೈಡ್ ಗುಂಡು ಸ್ಟೀಲಿಗೆ ಬೆಸುಗೆಯಾಗುವುದಿಲ್ಲ, ತೂಕವೂ ಸ್ಟೀಲಿನ ಅರ್ಧಕ್ಕಿಂತ ಕಮ್ಮಿ. ಆದರೆ ಅದು ಬಗ್ಗುವುದಿಲ್ಲ. ಹಾಗಾಗಿ ತಾಗುವ ಜಾಗ ಇನ್ನೂ ಚಿಕ್ಕದಾಗಿ, ಅದೇ ಲೋಡಿಗೆ ಗ್ರೂವಿನ ಮೇಲೆ ಒತ್ತಡ ಜಾಸ್ತಿಯಾಗುತ್ತದೆ. ಲೋಡ್ ಇಳಿಸಿಕೊಂಡು ಹಾಕಿ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ನಡೆಯುತ್ತಾ?

ಎರಡು ದಿನ ಶಬ್ದ ನಿಲ್ಲುತ್ತದೆ. ಆಮೇಲೆ ಆರಿ ಹೋಗುತ್ತದೆ, ಇದ್ದ ಅಲ್ಪಸ್ವಲ್ಪ ಗ್ರೀಸನ್ನೂ ತೊಳೆದುಕೊಂಡು.

ಸ್ವಲ್ಪ ದಿನ ಒಣಗಿ ಓಡಿದೆ. ಈಗ ಗ್ರೀಸ್ ಹಾಕಿದರೆ ಸರಿ ಹೋಗುತ್ತಾ?

ಗ್ರೂವ್ ಬರೀ ಮಂಕಾಗಿದ್ದರೆ ಹೋಗುತ್ತದೆ. ಉಗುರಿನ ತುದಿ ಗ್ರೂವಿನ ಉದ್ದಕ್ಕೂ ಎಳೆದು ನೋಡಿ. ಎಲ್ಲೂ ತಡೆಯದಿದ್ದರೆ ಆಸೆ ಇದೆ. ತಡೆದರೆ ಚಕ್ಕೆ ಎದ್ದಿದೆ, ಬದಲಾಯಿಸಿ. ಮುಖ್ಯವಾದದ್ದು: ಪುಡಿಯನ್ನು ಪೂರ್ತಿ ತೊಳೆಯದೆ ಗ್ರೀಸ್ ತುಂಬಬೇಡಿ. ಪುಡಿ ಮತ್ತು ಗ್ರೀಸ್ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟ್ ಆಗುತ್ತದೆ. ದಪ್ಪ ಗುಂಡು ಹಾಕಿ ಬಿಗಿ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಮಧ್ಯ ಸವೆದ ಸ್ಕ್ರೂಗೆ ಹಾಗೆ ಮಾಡಿದರೆ ಮಧ್ಯದಲ್ಲಿ ಸರಿ, ತುದಿಗೆ ಹೋದಾಗ ಬಿಗಿಯುತ್ತದೆ.

ಗ್ರೀಸ್ ಇಲ್ಲದೆ ಸ್ಕ್ರೂ ಸವೆದು ವಿಮಾನವೇ ಬಿತ್ತಂತೆ, ನಿಜವಾ?

ನಿಜ, ಆದರೆ ಅದು ಬಾಲ್ ಸ್ಕ್ರೂ ಅಲ್ಲ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್ 261 ವಿಮಾನ ಕ್ಯಾಲಿಫೋರ್ನಿಯಾ ಬಳಿ ಸಮುದ್ರಕ್ಕೆ ಬಿದ್ದು 88 ಜನ ಸತ್ತರು. ಬಾಲವನ್ನು ಏರಿಳಿಸುವ ಆಕ್ಮಿ ಸ್ಕ್ರೂಗೆ ಸರಿಯಾಗಿ ಗ್ರೀಸ್ ಬೀಳದೆ ನಟ್ಟಿನ ಮರೆಯೇ (ಥ್ರೆಡ್) ಸವೆದು ಹೋಗಿತ್ತು. ಆಕ್ಮಿಯಲ್ಲಿ ಗುಂಡು ಇರಲ್ಲ, ಮರೆಗೆ ಮರೆ ನೇರ ಉಜ್ಜುತ್ತದೆ.

ಗ್ರೀಸ್ ಹಾಕೋಕೆ ಆಗೋದೇ ಇಲ್ಲ ಅಂದ್ರೆ ಬೇರೆ ದಾರಿ?

ಬಾಲ್ ಸ್ಕ್ರೂ ಆಸೆ ಬಿಡಿ. ಲೋಡ್ ಹಗುರ, ವೇಗ ಕಮ್ಮಿ ಇದ್ದರೆ ಸ್ಟೇನ್‌ಲೆಸ್ ಲೀಡ್ ಸ್ಕ್ರೂಗೆ ಪ್ಲಾಸ್ಟಿಕ್ ನಟ್ ಹಾಕಿ. ಒಣಗಿ ಓಡಲೆಂದೇ ಮಾಡಿದ ನಟ್‌ಗಳು ಸಿಗುತ್ತವೆ. ಮೋಟಾರ್ ಸ್ವಲ್ಪ ದೊಡ್ಡದು ಬೇಕಾಗುತ್ತದೆ. ಜೋರಾಗಿ ಓಡಿಸಿದರೆ ಬಿಸಿಯೇರಿ ನಟ್ ಮೆತ್ತಗಾಗುತ್ತದೆ, ಅದನ್ನು ನೋಡಿಕೊಳ್ಳಿ. ಆದರೆ ಕೆಂಪು ಪುಡಿ ಬರಲ್ಲ. ಸವೆದಾಗ ಬದಲಾಯಿಸಬೇಕಾದ್ದು ಅಗ್ಗದ ನಟ್ ಮಾತ್ರ, ಶಾಫ್ಟ್ ಹಾಗೇ ಇರುತ್ತದೆ.

ನಟ್ ಕ್ಲೀನ್ ಮಾಡೋಣ ಅಂತ ಬಿಚ್ಚಿದೆ, ಗುಂಡೆಲ್ಲ ಚೆಲ್ಲಿ ಹೋಯ್ತು!

ಎಲ್ಲರಿಗೂ ಒಂದು ಸಲ ಆಗಿದೆ, ನನಗೂ. ನಟ್ಟನ್ನು ಶಾಫ್ಟಿನಿಂದ ಸುಮ್ನೆ ಹೊರಗೆ ತಿರುಗಿಸಬಾರದು. ಗ್ರೂವಿನ ಬುಡದಷ್ಟೇ ದಪ್ಪದ ಒಂದು ಪೈಪ್ ತುಂಡನ್ನು ತುದಿಗೆ ಒತ್ತಿ ಹಿಡಿದು, ನಟ್ಟನ್ನು ಅದರ ಮೇಲಕ್ಕೆ ಹತ್ತಿಸಬೇಕು. ಚೆಲ್ಲಿದ್ದರೆ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೆಲದ ಮೇಲೆ ಆಡಿಸಿ, 440ಸಿ ಗುಂಡು ಓಡಿ ಬಂದು ಅಂಟುತ್ತವೆ. ಆದರೆ ಹಾಗೆ ಎತ್ತಿದ ಗುಂಡುಗಳು ತಾವೇ ಒಂಚೂರು ಮ್ಯಾಗ್ನೆಟ್ ಆಗಿ ಲೋಹದ ಪುಡಿ ಎಳೆದುಕೊಳ್ಳುತ್ತವೆ. ಮ್ಯಾಗ್ನೆಟ್ ಗುಣ ತೆಗೆಸಿ, ತೊಳೆದು, ಆಮೇಲೆ ಹಾಕಿ. ಎಣಿಸಿಕೊಳ್ಳಿ. ಒಂದು ಕಳೆದರೆ ಸೈಕಲ್ ಅಂಗಡಿಯಿಂದ ತಂದು ಸೇರಿಸಬೇಡಿ. ಒಂದು ನಟ್ಟಿನ ಗುಂಡುಗಳು ಒಂದೇ ಅಳತೆಯ ಲಾಟಿನವು. ಅದರಲ್ಲಿ ಒಂದು ದಪ್ಪ ಗುಂಡು ಬಂದರೆ ಪೂರ್ತಿ ಲೋಡ್ ಅದೊಂದರ ತಲೆ ಮೇಲೆ. ಒಂದು ಕಮ್ಮಿ ಇದ್ದರೂ ಪರವಾಗಿಲ್ಲ, ಹಾಗೇ ಓಡಿಸಿ.